ಮೊದಲ ಯುರೋಪ್ ಸುತ್ತಾಟ: ಯಾವ ಊರಿನಿಂದ ಶುರು ಮಾಡಬೇಕು?

ಬೆನ್ನಿಗೆ ಬ್ಯಾಗು ಏರಿಸಿ ಯುರೋಪ್ ಸುತ್ತಲು ಹೊರಡುವವರು ಮೊದಲು ಪ್ಯಾರಿಸ್ಸಿಗೆ ಟಿಕೆಟ್ ಹುಡುಕುತ್ತಾರೆ. ನನ್ನ ಅಕ್ಕನ ಮಗನೂ ಹಾಗೇ ಮಾಡಿದ. ಹದಿನೈದು ದಿನಕ್ಕೆಂದು ಕೂಡಿಟ್ಟ ದುಡ್ಡಿನಲ್ಲಿ ಅರ್ಧ ಮೊದಲ ನಾಲ್ಕು ದಿನಕ್ಕೇ ಖಾಲಿ. ಆಮೇಲೆ ಹೋದ ಊರಲ್ಲೆಲ್ಲ ಲೆಕ್ಕ ಹಾಕುತ್ತಲೇ ತಿರುಗಿದ. ಪ್ಯಾರಿಸ್ ನೋಡಲೇಬೇಕು, ನಿಜ. ಆದರೆ ಅದನ್ನು ಎರಡನೇ ಸಲಕ್ಕೆ ಇಟ್ಟುಕೊಳ್ಳಿ.

ಮೊದಲು ರಾತ್ರಿಗಳನ್ನು ಎಣಿಸಿ. 15 ರಾತ್ರಿ ಇದ್ದರೆ ಐದು ಊರು ಸಾಕು. ಅದಕ್ಕಿಂತ ಜಾಸ್ತಿ ಬೇಡವೇ ಬೇಡ.

ಆಮೇಲೆ ಇಳಿಯುವ ಊರು. ಮೂರು ವಿಷಯ ನೋಡಿ. ವಿಮಾನ ನಿಲ್ದಾಣದಿಂದ ಊರೊಳಗೆ ಕಡಿಮೆ ಖರ್ಚಿನ ರೈಲು ಇರಬೇಕು. ಅಲ್ಲಿಂದ ಬೇರೆ ಬೇರೆ ದಿಕ್ಕಿಗೆ ನಾಲ್ಕು ಗಂಟೆಯೊಳಗೆ ತಲುಪುವ ಊರುಗಳಿರಬೇಕು. ಭಾಷೆ ಬರದಿದ್ದರೂ ಮೊದಲ ದಿನ ದಾರಿ ತಪ್ಪದಂತಿರಬೇಕು. ನನ್ನ ಆಯ್ಕೆ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾ. ಅಲ್ಲಿಂದ ರೈಲಿನಲ್ಲಿ ಬ್ರಾಟಿಸ್ಲಾವಾಕ್ಕೆ ಸುಮಾರು ಒಂದು ಗಂಟೆ, ಸಾಲ್ಸ್‌ಬರ್ಗಿಗೆ ಎರಡೂವರೆ, ಬುಡಾಪೆಸ್ಟಿಗೆ ಎರಡೂ ಮುಕ್ಕಾಲು, ಪ್ರಾಗ್‌ಗೆ ನಾಲ್ಕು. ಮೊದಲ ದಿನ ಮಳೆ ಬಂದರೂ, ಜ್ವರ ಬಂದರೂ, ಪ್ಲಾನ್ ಬದಲಿಸಿಕೊಳ್ಳಲು ದಾರಿ ಇರುತ್ತದೆ. ನಲ್ಲಿ ನೀರು ಬೆಟ್ಟದ ಬುಗ್ಗೆಗಳಿಂದ ಬರುತ್ತದೆ, ಹಾಗೇ ಕುಡಿಯಬಹುದು. ನೀರಿನ ಬಾಟಲಿಗೆ ಸುಮ್ನೆ ದುಡ್ಡು ಹಾಕಬೇಡಿ.

ಈಗ ವೀಸಾ. ಜನ ಎಡವುವುದೇ ಇಲ್ಲಿ, ಹಾಗಾಗಿ ನಿಧಾನವಾಗಿ ಓದಿ.

ಷೆಂಗೆನ್ ಅಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪು. ಆ ವೀಸಾ ಒಂದಿದ್ದರೆ 29 ದೇಶ ಸುತ್ತಬಹುದು. ಆದರೆ ಅರ್ಜಿ ಹಾಕಬೇಕಾದ್ದು ವಿಮಾನ ಇಳಿಯುವ ದೇಶಕ್ಕಲ್ಲ, ಹೆಚ್ಚು ದಿನ ಉಳಿಯುವ ದೇಶಕ್ಕೆ. ಎರಡು ದೇಶಗಳಲ್ಲಿ ದಿನಗಳು ಸಮ ಬಂದರೆ ಮಾತ್ರ ಮೊದಲು ಕಾಲಿಡುವ ದೇಶ ಲೆಕ್ಕಕ್ಕೆ ಬರುತ್ತದೆ. ನಾನು ಹೇಳುವ ಸುತ್ತು ಹೀಗಿದೆ: ವಿಯೆನ್ನಾ 4 ರಾತ್ರಿ, ಬುಡಾಪೆಸ್ಟ್ 3, ಪ್ರಾಗ್ 3, ಸಾಲ್ಸ್‌ಬರ್ಗ್ 2, ಕೊನೆಗೆ ಮ್ಯೂನಿಕ್ 3. ವಿಯೆನ್ನಾ, ಸಾಲ್ಸ್‌ಬರ್ಗ್ ಎರಡೂ ಆಸ್ಟ್ರಿಯಾದವು. ಅಲ್ಲಿಗೆ 6 ರಾತ್ರಿ. ಉಳಿದ ಹಂಗೇರಿ, ಜೆಕ್, ಜರ್ಮನಿ ಮೂರು ದೇಶಕ್ಕೂ ತಲಾ 3. ಅರ್ಜಿ ಆಸ್ಟ್ರಿಯಾಕ್ಕೆ, ಗೊಂದಲವೇ ಇಲ್ಲ. ಊರು ಆರಿಸುವಾಗಲೇ ಒಂದು ದೇಶದ ರಾತ್ರಿಗಳು ಹೀಗೆ ಎದ್ದು ಕಾಣುವಂತೆ ಜೋಡಿಸಿ. ಎಲ್ಲ ಕಡೆ ಮೂರು ಮೂರು ರಾತ್ರಿ ಹಂಚಿಕೊಂಡು ಹೋದವರು ಕೌಂಟರ್ ಮುಂದೆ ಉತ್ತರ ಸಿಗದೆ ನಿಂತದ್ದನ್ನು ನೋಡಿದ್ದೇನೆ.

ವಿಯೆನ್ನಾಕ್ಕೆ ಹೋಗುವಾಗ ಮ್ಯೂನಿಕ್ ಅಥವಾ ಫ್ರಾಂಕ್‌ಫರ್ಟಿನಲ್ಲಿ ವಿಮಾನ ಬದಲಿಸಿದರೆ ಪಾಸ್‌ಪೋರ್ಟ್ ತಪಾಸಣೆ ಅಲ್ಲೇ ಆಗುತ್ತದೆ, ವಿಯೆನ್ನಾದಲ್ಲಲ್ಲ. ಆಸ್ಟ್ರಿಯಾ ವೀಸಾ ಹಿಡಿದು ಜರ್ಮನಿಯಲ್ಲಿ ಒಳಗೆ ಹೋಗುವುದು ತಪ್ಪಲ್ಲ. ಮುಂದಿನ ಟಿಕೆಟ್, ಹಾಸ್ಟೆಲ್ (ಪ್ರವಾಸಿಗರಿಗೆ ಹಾಸಿಗೆ ಲೆಕ್ಕದಲ್ಲಿ ಸಿಗುವ ಅಗ್ಗದ ವಸತಿ) ಬುಕಿಂಗ್ ಕಾಗದದಲ್ಲಿ ಪ್ರಿಂಟ್ ಹಾಕಿಸಿ ಕೈಯಲ್ಲೇ ಇಟ್ಟುಕೊಳ್ಳಿ. ಎರಡು ವಿಮಾನಗಳ ನಡುವೆ ಕನಿಷ್ಠ ಎರಡೂವರೆ ಗಂಟೆ ಬಿಡಿ. ಐವತ್ತು ನಿಮಿಷದ ಅಂತರದ ಟಿಕೆಟ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ.

ಲಂಡನ್‌ನಲ್ಲಿ ಚಿಕ್ಕಪ್ಪ ಇದ್ದಾರೆ, ಅಲ್ಲಿಂದ ಶುರು ಮಾಡೋಣ ಅನ್ನುವವರೂ ಇದ್ದಾರೆ. ಬ್ರಿಟನ್ ಷೆಂಗೆನ್‌ನಲ್ಲಿಲ್ಲ. ಬೇರೆ ವೀಸಾ, ಬೇರೆ ಶುಲ್ಕ. ಹೋಗಲೇಬೇಕೆಂದರೆ ಸುತ್ತಾಟದ ತುದಿಗೆ ಇಟ್ಟುಕೊಳ್ಳಿ. ಷೆಂಗೆನ್ ವೀಸಾದಲ್ಲಿ ಒಂದೇ ಪ್ರವೇಶ ಎಂದು ಬರೆದಿದ್ದರೆ, ನಡುವೆ ಲಂಡನ್‌ಗೆ ಹೋದವರು ಮತ್ತೆ ಒಳಗೆ ಬರುವಂತಿಲ್ಲ.

ಅರ್ಜಿಯನ್ನು ಆರು ತಿಂಗಳು ಮೊದಲೇ ಹಾಕಬಹುದು. ಹೊರಡಲು 15 ದಿನ ಬಾಕಿ ಇರುವುದಕ್ಕಿಂತ ತಡ ಮಾಡುವಂತಿಲ್ಲ. ಬೇಸಿಗೆಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಆದ್ದರಿಂದ ಮೂರು ತಿಂಗಳು ಮುಂಚೆಯೇ ಅರ್ಜಿಯ ಕೆಲಸ ಶುರು ಮಾಡಿ. ದೊಡ್ಡವರಿಗೆ ಶುಲ್ಕ 90 ಯೂರೊ. ಪ್ರಯಾಣ ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದಿರಬೇಕು. ಕೆಲವು ಏಜೆಂಟರು ಐನೂರು ರೂಪಾಯಿಗೆ ನಕಲಿ ಹೋಟೆಲ್ ಬುಕಿಂಗ್ ಮಾಡಿ ಕೊಡುತ್ತೇವೆ ಅನ್ನುತ್ತಾರೆ. ದಯವಿಟ್ಟು ಆ ಕಡೆ ಹೋಗಬೇಡಿ. ವೀಸಾ ಕಚೇರಿಯವರು ಹೋಟೆಲ್‌ಗೆ ಕೇಳಿ ನೋಡಿದರೆ ಅರ್ಜಿ ಅಲ್ಲಿಗೇ ಮುಗಿಯಿತು. ರದ್ದು ಮಾಡಿದರೆ ಹಣ ವಾಪಸ್ ಬರುವ ನಿಜವಾದ ಬುಕಿಂಗ್‌ಗಳೇ ಬೇಕಾದಷ್ಟಿವೆ.

ವಿಮಾನದ ಟಿಕೆಟ್ ತೆಗೆಯುವಾಗ ಹೋಗುವ ಊರು ಒಂದು, ವಾಪಸ್ ಹೊರಡುವ ಊರು ಇನ್ನೊಂದು ಇರಲಿ. ವೆಬ್‌ಸೈಟುಗಳಲ್ಲಿ ಇದಕ್ಕೆ ಮಲ್ಟಿ ಸಿಟಿ ಎಂಬ ಆಯ್ಕೆ ಇರುತ್ತದೆ. ವಿಯೆನ್ನಾಕ್ಕೆ ಹೋಗಿ ಮ್ಯೂನಿಕ್‌ನಿಂದ ಹೊರಟರೆ, ಬರೀ ವಾಪಸ್ ವಿಮಾನಕ್ಕಾಗಿ ಒಂದು ದಿನ ರೈಲಿನಲ್ಲಿ ಕಳೆಯಬೇಕಿಲ್ಲ. ಮ್ಯೂನಿಕ್‌ನಿಂದ ಬೆಂಗಳೂರಿಗೆ 2023ರ ನವೆಂಬರ್‌ನಲ್ಲಿ ಲುಫ್ತಾನ್ಸಾದ ನೇರ ವಿಮಾನ ಶುರುವಾಗಿದೆ. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ವಾರದವರೆಗೆ ಮಾತ್ರ ಮ್ಯೂನಿಕ್ ಬೇಡ. ಆಗ ಅಲ್ಲಿ ಆಕ್ಟೋಬರ್‌ಫೆಸ್ಟ್ ಎಂಬ ಬಿಯರ್ ಜಾತ್ರೆ, ಹಾಸ್ಟೆಲ್ ಹಾಸಿಗೆಗೂ ಹೋಟೆಲ್ ಬಾಡಿಗೆ.

ರೈಲು ಪಾಸ್ ಈ ಸುತ್ತಿಗೆ ಬೇಡ. ಒಂದೊಂದೇ ಟಿಕೆಟ್ ಮುಂಚೆ ತೆಗೆದರೆ ಅಗ್ಗ.

ಇಳಿಯುವ ದಿನ ಭಾನುವಾರ ಆಗದಂತೆ ನೋಡಿಕೊಳ್ಳಿ. ಆಸ್ಟ್ರಿಯಾದಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ದೊಡ್ಡ ರೈಲು ನಿಲ್ದಾಣದೊಳಗಿನ ದಿನಸಿ ಅಂಗಡಿ ತೆರೆದಿದ್ದರೂ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ವಿಮಾನ ನಿಲ್ದಾಣದಲ್ಲಿ ಹಸಿರು ಬಣ್ಣದ ಸಿಟಿ ಏರ್‌ಪೋರ್ಟ್ ಟ್ರೈನ್ ಕಣ್ಣಿಗೆ ಬೀಳುತ್ತದೆ. 16 ನಿಮಿಷಕ್ಕೆ ವೀನ್ ಮಿಟ್ಟೆ ನಿಲ್ದಾಣ ಎಂದು ಬರೆದಿರುತ್ತದೆ. ಹತ್ತಬೇಡಿ, ತುಂಬ ದುಬಾರಿ. ಎಸ್7 ಎಂಬ ಸಾಮಾನ್ಯ ರೈಲು ಅದೇ ನಿಲ್ದಾಣಕ್ಕೆ ಹತ್ತೇ ನಿಮಿಷ ಜಾಸ್ತಿ ತೆಗೆದುಕೊಳ್ಳುತ್ತದೆ. ಹಾಸ್ಟೆಲ್‌ನಲ್ಲಿ ಕೋಣೆ ಮಧ್ಯಾಹ್ನದ ಮೇಲೇ ಸಿಗುವುದು. ಬೇಗ ತಲುಪಿದರೆ ಬ್ಯಾಗ್ ಇಟ್ಟುಕೊಳ್ಳಲು ಕೇಳಿ, ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ. ಸಂಜೆ ಎಂಟರ ತನಕ ಹೇಗಾದರೂ ಎದ್ದಿರಿ, ಡಾನ್ಯೂಬ್ ಕಾಲುವೆ ದಡದಲ್ಲಿ ನಡೆದಾಡಿ. ಬೇಸಿಗೆಯಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದೆ ಇರುವ ಊರದು. ಮರುದಿನ ಬೆಳಗಿನ ಜಾವ ನಾಲ್ಕಕ್ಕೇ ಎಚ್ಚರವಾದರೆ ಗಾಬರಿ ಬೇಡ.