ಸೋಲಾರ್ ತಗೊಳ್ಳೋ ಮುಂಚೆ ನೀರು ನೋಡಿದ್ದು

ನಮ್ಮ ಅತ್ತೆಗೆ ಹಂಡೆ ನೀರೇ ನೀರು. ತೆಂಗಿನ ಗರಿ ಉರಿಸಿ ಕಾಯಿಸಿದ್ದರೆ ಮಾತ್ರ ಮೈ ಹಗುರವಾಗುತ್ತದೆ ಅನ್ನುತ್ತಾರೆ. ಮಂಡ್ಯ ಕಡೆಯ ಊರು ಬಿಟ್ಟು ಮೈಸೂರಿನ ಬೋಗಾದಿ ಹತ್ತಿರದ ನಮ್ಮ ಮನೆಗೆ ಬಂದ ದಿನ ಬಚ್ಚಲು ನೋಡಿ, "ಒಲೆ ಎಲ್ಲವ್ವಾ?" ಅಂದರು. ಗೋಡೆಯ ಮೇಲಿದ್ದ ಗೀಸರ್ ತೋರಿಸಿದೆ. ಅವರಿಗೆ ಒಪ್ಪಿಗೆ ಆಗಲಿಲ್ಲ. ಆ ಗೀಸರ್‌ಗೂ ನಮ್ಮ ನೀರು ಒಪ್ಪಿಗೆ ಆಗಲಿಲ್ಲ ಅನ್ನೋದು ಆಮೇಲೆ ಗೊತ್ತಾಯಿತು. ಎರಡು ವರ್ಷದಲ್ಲಿ ಎರಡು ಸಲ ಕಾಯಿಲ್ ಸುಟ್ಟಿತು. ಪ್ಲಂಬರ್ ಬಿಚ್ಚಿ ತೋರಿಸಿದಾಗ ಕಾಯಿಲ್ ಸುತ್ತ ಬೆರಳುದಪ್ಪ ಬಿಳಿ ಚಿಪ್ಪು ಕಟ್ಟಿತ್ತು. "ಗೀಸರ್ ತಪ್ಪಲ್ಲ ಅಕ್ಕಾ, ನಿಮ್ಮ ಬೋರ್ ನೀರಿನ ತಪ್ಪು" ಅಂದ.

ಸರಿ, ಬಿಸಿಲಿನಲ್ಲಿ ನೀರು ಕಾಯಿಸೋ ಸೋಲಾರ್ ಹೀಟರ್ ಹಾಕಿಸೋಣ ಅಂತ ಅಂಗಡಿಗಳಿಗೆ ಹೋದೆವು. ಮೊದಲ ಅಂಗಡಿಯವರು ಕೇಳಿದ್ದು ಎರಡೇ ಪ್ರಶ್ನೆ. ಮನೆಯಲ್ಲಿ ಎಷ್ಟು ಜನ? ಬಜೆಟ್ ಎಷ್ಟು? ನಾಲ್ಕು ಜನ ಅಂದ ತಕ್ಷಣ, "ದಸರಾಗೆ ನೆಂಟರು ಬರ್ತಾರಲ್ಲ ಮೇಡಂ, 300 ಲೀಟರ್ ತಗೊಳ್ಳಿ" ಅಂದರು. ಮೈಸೂರಿನವರಿಗೆ ದಸರಾ ತೋರಿಸಿ ಏನು ಬೇಕಾದರೂ ಮಾರಬಹುದು ಅಲ್ವಾ!

ಮನೆಗೆ ಬಂದು ಬಕೆಟ್ ಲೆಕ್ಕ ಹಾಕಿದೆ. ಬಿಸಿಲಿದ್ದ ದಿನ ಟ್ಯಾಂಕಿನ ನೀರು 60 ಡಿಗ್ರಿಯಷ್ಟು ಇರುತ್ತದೆ ಅಂತ ಇಟ್ಟುಕೊಳ್ಳೋಣ. ತಣ್ಣೀರು 25 ಡಿಗ್ರಿ. ಸ್ನಾನಕ್ಕೆ 40 ಡಿಗ್ರಿ ಸಾಕು. ಹಾಗಾದರೆ 20 ಲೀಟರಿನ ಒಂದು ಬಕೆಟ್‌ಗೆ ಸುಮಾರು ಒಂಬತ್ತು ಲೀಟರ್ ಬಿಸಿನೀರು ಸಾಕು, ಉಳಿದದ್ದು ತಣ್ಣೀರು. ತಲೆಗೆ ಎರಡು ಬಕೆಟ್ ಅಂದರೂ ನಾಲ್ಕು ಜನಕ್ಕೆ 70 ಲೀಟರ್ ಚಿಲ್ಲರೆ. ಮೋಡದ ದಿನ ಟ್ಯಾಂಕಿನ ನೀರು 50 ಡಿಗ್ರಿ, ತಣ್ಣೀರು 22 ಅಂತ ಹಿಡಿದರೆ 100 ದಾಟುತ್ತದೆ. ಅತ್ತೆಯ ಎಣ್ಣೆ ಸ್ನಾನ, ಪೈಪಿನಲ್ಲಿ ಉಳಿದು ಆರುವ ನೀರು, ಒಬ್ಬಿಬ್ಬರು ನೆಂಟರು ಎಲ್ಲ ಸೇರಿಸಿ 200 ಲೀಟರ್ ಅಂತ ತೀರ್ಮಾನಿಸಿದೆವು. ವರ್ಷದಲ್ಲಿ ಹತ್ತು ದಿನದ ನೆಂಟರಿಗೋಸ್ಕರ ಇನ್ನೂ ಒಂದು ಪ್ಯಾನಲ್‌ಗೆ ದುಡ್ಡು ಸುರಿಯೋದು ನನಗೆ ಸರಿ ಕಾಣಲಿಲ್ಲ.

ಲೀಟರ್ ಸುಲಭ. ತಲೆ ಕೆಟ್ಟಿದ್ದು ಪ್ಯಾನಲ್ಲಾ, ಟ್ಯೂಬಾ ಅನ್ನೋದರಲ್ಲಿ.

ಪ್ಯಾನಲಿನದಕ್ಕೆ ಫ್ಲಾಟ್ ಪ್ಲೇಟ್ ಅನ್ನುತ್ತಾರೆ, ಅಂದರೆ ಗಾಜಿನ ಮುಚ್ಚಳದ ಚಪ್ಪಟೆ ಪೆಟ್ಟಿಗೆ. ಒಳಗೆ ಕಪ್ಪು ತಗಡು, ಅದಕ್ಕೆ ಅಂಟಿಕೊಂಡ ತಾಮ್ರದ ಕೊಳವೆಗಳು. ಬೆಲೆ ಜಾಸ್ತಿ, ಬಾಳಿಕೆಯೂ ಜಾಸ್ತಿ. ಆದರೆ ಕೊಳವೆ ಸಣ್ಣದು. ಬೋರ್ ನೀರು ಹರಿದರೆ ಒಳಗೆ ಸುಣ್ಣ ಕಟ್ಟುತ್ತಾ ಬರುತ್ತದೆ. ನೀರಿನ ಓಟ ನಿಧಾನವಾಗುತ್ತದೆ, ಬಿಸಿ ಕಮ್ಮಿಯಾಗುತ್ತದೆ. ಪಕ್ಕದ ಬೀದಿಯವರೊಬ್ಬರಿಗೆ ಮೂರನೇ ವರ್ಷಕ್ಕೇ ಹೀಗಾಗಿ, ಆಸಿಡ್ ಹಾಕಿ ತೊಳೆಸಿದ್ದರು. ಟ್ಯೂಬಿನದು ಬೇರೆ ಕಥೆ. ಎರಡು ಪದರದ ಗಾಜು, ನಡುವೆ ಗಾಳಿಯಿಲ್ಲ, ಥರ್ಮಾಸ್ ಫ್ಲಾಸ್ಕ್ ಇದ್ದ ಹಾಗೆ. ಬಾಯಿ ಅಗಲ. ಸುಣ್ಣ ಕೂತರೆ ಬಿಚ್ಚಿ ತೊಳೆಯಬಹುದು, ಒಡೆದರೆ ಅದೊಂದನ್ನೇ ಬದಲಿಸಬಹುದು. ಆದರೆ ಒಂದು ಒಡೆದರೂ ಟ್ಯಾಂಕಿನ ನೀರೆಲ್ಲ ಅದೇ ದಾರಿಯಲ್ಲಿ ಹೊರಗೆ. ನಮ್ಮ ತಾರಸಿಯ ಮೇಲೆ ಪಕ್ಕದ ಮನೆಯ ತೆಂಗಿನ ಮರ ಅರ್ಧ ಬಾಗಿದೆ. ಕಾಯಿ ಬೇಡ, ಒಂದು ಒಣಗರಿ ಬಿದ್ದರೂ ಸಾಕು.

ಒಬ್ಬ ಮಾರಾಟಗಾರ ಮನೆಗೇ ಬಂದು ಪೆನ್ನಿನಂಥ ಮೀಟರ್ ಅದ್ದಿ, "ಟಿಡಿಎಸ್ ನೋಡಿ ಮೇಡಂ" ಅಂತ ಹೆದರಿಸಿದ. ಆ ಮೀಟರ್ ನೀರಿನಲ್ಲಿ ಕರಗಿರುವ ಎಲ್ಲದರ ಅಂದಾಜು ಕೊಡುತ್ತದೆ. ಚಿಪ್ಪು ಕಟ್ಟುವುದು ಮುಖ್ಯವಾಗಿ ಕ್ಯಾಲ್ಸಿಯಂ, ಮೆಗ್ನೀಷಿಯಂ. ಅದಕ್ಕೆ ಗಡಸುತನದ ಪರೀಕ್ಷೆಯೇ ಬೇರೆ. ಲ್ಯಾಬಿಗೆ ಎರಡು ಬಾಟಲಿ ಕೊಟ್ಟು ಬಂದೆ. ಒಂದು ಬೋರ್ ನೀರು, ಇನ್ನೊಂದು ದಿನ ಬಿಟ್ಟು ದಿನ ಬರುವ ಕಾವೇರಿ ನೀರು. ಬೋರ್ ನೀರಿನ ಗಡಸುತನ ಲೀಟರಿಗೆ 480 ಮಿಲಿಗ್ರಾಂ ಬಂತು. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಹೇಳುವ ಮಿತಿ 200. ಬೇರೆ ನೀರಿಲ್ಲದಿದ್ದರೆ 600ರವರೆಗೆ ಒಪ್ಪುತ್ತಾರೆ. ಕಾವೇರಿ ನೀರು ನೂರರ ಆಸುಪಾಸಿನಲ್ಲಿತ್ತು.

ಈ ಕಾಗದ ನೋಡಿದ ನಮ್ಮ ಪ್ಲಂಬರ್ ಹೇಳಿದ ಮಾತೇ ಇಡೀ ಲೆಕ್ಕ ಬದಲಿಸಿತು. "ಸೋಲಾರ್‌ಗೆ ದಿನಕ್ಕೆ ಬೇಕಾಗೋದು 100, 150 ಲೀಟರ್. ಅಷ್ಟಕ್ಕೆ ಕಾವೇರಿ ನೀರೇ ಕೊಡಿ ಅಕ್ಕಾ. ಬೋರ್ ನೀರು ಫ್ಲಶ್‌ಗೆ, ಗಿಡಕ್ಕೆ ಇರಲಿ." ಇಷ್ಟು ದಿನ ನಾವು ನೀರಿಗೆ ತಕ್ಕ ಸೋಲಾರ್ ಹುಡುಕುತ್ತಿದ್ದೆವು. ಸೋಲಾರ್‌ಗೆ ತಕ್ಕ ನೀರು ಮನೆಯಲ್ಲೇ ಇತ್ತು. 500 ಲೀಟರಿನ ಬೇರೆ ಸಿಂಟೆಕ್ಸ್ ತಂದು ಸ್ಟ್ಯಾಂಡ್ ಮೇಲೆ ಕೂರಿಸಿದೆವು. ಅದರ ತಳ ಸೋಲಾರ್ ಟ್ಯಾಂಕಿನ ತಲೆಗಿಂತ ಮೇಲಿರಬೇಕು, ಇಲ್ಲದಿದ್ದರೆ ಸೋಲಾರ್ ಟ್ಯಾಂಕ್ ಪೂರ್ತಿ ತುಂಬುವುದಿಲ್ಲ. ಸೋಲಾರ್ ಟ್ಯಾಂಕಿನಿಂದ ಗಾಳಿ, ಹಬೆ ಹೊರಹೋಗುವ ಪೈಪಿನ ತುದಿ ಸಿಂಟೆಕ್ಸ್‌ನ ನೀರಿನ ಮಟ್ಟಕ್ಕಿಂತಲೂ ಮೇಲೆ. ಆಮೇಲೆ ಧೈರ್ಯವಾಗಿ ಎರಡು ಪ್ಯಾನಲಿನ ಫ್ಲಾಟ್ ಪ್ಲೇಟನ್ನೇ ತಗೊಂಡೆವು. ಟ್ಯೂಬಿನದಕ್ಕಿಂತ ಹದಿನಾಲ್ಕು ಸಾವಿರ ಜಾಸ್ತಿ ಬಿತ್ತು.

ಜಾಗ ಗುರುತು ಮಾಡಿದ್ದು ಮೇ ತಿಂಗಳಲ್ಲಿ. ಆಗ ಸೂರ್ಯ ನೆತ್ತಿಯ ಮೇಲೆ, ನೆರಳೇ ಇಲ್ಲ. ಯಜಮಾನರ ಸ್ನೇಹಿತರೊಬ್ಬರು, "ಡಿಸೆಂಬರ್‌ನಲ್ಲಿ ನೋಡಿ ಮಾತಾಡಿ" ಅಂದರು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ. ಡಿಸೆಂಬರ್ ಕೊನೆಗೆ ಮೈಸೂರಿನಲ್ಲಿ ಮಧ್ಯಾಹ್ನವೂ 54 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ದಕ್ಷಿಣದ ಕಡೆ ಮೂರು ಮೀಟರ್ ಎತ್ತರದ ಗೋಡೆ ಇದ್ದರೆ ನೆರಳು ಎರಡು ಮೀಟರಿಗೂ ಮೀರಿ ಚಾಚುತ್ತದೆ. ಬೆಳಿಗ್ಗೆ, ಸಂಜೆ ಇನ್ನೂ ಉದ್ದ. ನಮ್ಮದೇ ಮೆಟ್ಟಿಲ ರೂಮಿನ ನೆರಳಿಗೆ ಪ್ಯಾನಲ್ ಸಿಕ್ಕಿಕೊಳ್ಳುತ್ತಿತ್ತು. ಬಿಸಿನೀರು ಜಾಸ್ತಿ ಬೇಕಾಗೋ ಕಾಲದಲ್ಲೇ! ನಾಲ್ಕು ಮೀಟರ್ ಆಚೆ ಸರಿಸಿದೆವು. ಪ್ಯಾನಲ್ ಮುಖ ದಕ್ಷಿಣಕ್ಕೆ.

ಸರಿಸಿದ್ದರಿಂದ ಪೈಪ್ ಉದ್ದವಾಯಿತು. ಕೆಳಗಿನ ಬಚ್ಚಲಿಗೆ ಮೊದಲು ಹಾಕಿದ ದಾರಿ 24 ಮೀಟರ್. ಮುಕ್ಕಾಲು ಇಂಚಿನ ಪೈಪಿನಲ್ಲಿ ಅಷ್ಟುದ್ದಕ್ಕೆ ಆರು ಲೀಟರ್ ನೀರು ನಿಂತು ತಣ್ಣಗಾಗಿರುತ್ತದೆ. ಡಕ್ಟ್ ಒಳಗಿಂದ ನೇರ ಇಳಿಸಿ 15 ಮೀಟರಿಗೆ ತಂದೆವು, ಮೇಲೆ ಫೋಮ್ ಸುತ್ತಿಸಿದೆವು. ಈಗಲೂ ಬೆಳಿಗ್ಗೆ ಮೊದಲು ಬರುವ ತಣ್ಣೀರನ್ನು ಹಿಡಿದು ಮಲ್ಲಿಗೆ ಗಿಡಕ್ಕೆ ಹಾಕುತ್ತೇನೆ.

ಎಡವಟ್ಟೂ ಆಯಿತು. ಬಿಸಿ ಲೈನು ಕಾವೇರಿದು, ತಣ್ಣೀರು ಲೈನು ಬೋರ್‌ದು. ಬೋರ್ ಟ್ಯಾಂಕ್ ಸ್ವಲ್ಪ ಎತ್ತರದಲ್ಲಿತ್ತು. ಮಗ ಬಚ್ಚಲಲ್ಲಿ ಮಿಕ್ಸರಿನ ಎರಡೂ ತಿರುಪು ತೆರೆದಿಟ್ಟು, ಶವರ್ ಹಿಡಿಯಲ್ಲಿ ಮಾತ್ರ ನಿಲ್ಲಿಸಿ ಬರುತ್ತಿದ್ದ. ಬೋರ್ ನೀರು ಬಿಸಿ ಲೈನಿಗೆ ನುಗ್ಗಿ ಸೋಲಾರ್ ಟ್ಯಾಂಕಿಗೇ ಸೇರುತ್ತಿತ್ತು. ಮಧ್ಯಾಹ್ನ ಕಾದ ನೀರು ಸಂಜೆಗೆ ಯಾಕೆ ಬೆಚ್ಚಗಷ್ಟೇ ಇರುತ್ತದೆ ಅಂತ ಒಂದು ವಾರ ಒದ್ದಾಡಿದೆವು. ಬಿಸಿ ಲೈನಿಗೊಂದು ಎನ್‌ಆರ್‌ವಿ, ಅಂದರೆ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್, ಹಾಕಿದ ಮೇಲೆ ನಿಂತಿತು.

ಇನ್ನೊಂದು, ಟ್ಯಾಂಕಿನೊಳಗಿನ ಕರೆಂಟ್ ಕಾಯಿಲ್. ಫಿಟ್ ಮಾಡಿದವರು ಅದರ ಸ್ವಿಚ್ ಹಾಕಿಯೇ ಹೋಗಿದ್ದರು, ನಾವು ನೋಡಲಿಲ್ಲ. ರಾತ್ರಿಯೆಲ್ಲ ಕರೆಂಟೇ ನೀರು ಕಾಯಿಸಿಟ್ಟರೆ ಬೆಳಿಗ್ಗೆ ಬಿಸಿಲಿಗೆ ಕೆಲಸ ಎಲ್ಲಿ? 100 ಲೀಟರನ್ನು 25ರಿಂದ 60 ಡಿಗ್ರಿಗೆ ಏರಿಸಲು ನಾಲ್ಕು ಯೂನಿಟ್ ಬೇಕು. ಆ ತಿಂಗಳು 200 ಯೂನಿಟ್ ದಾಟಿ, ಗೃಹಜ್ಯೋತಿ ಕೈತಪ್ಪಿ, ಪೂರ್ತಿ ಬಿಲ್ ಕಟ್ಟಿದೆವು. ಸೋಲಾರ್ ಹಾಕಿಸಿದ ಮೊದಲ ತಿಂಗಳೇ! ಈಗ ಆ ಸ್ವಿಚ್ ಮೇಲೆ ಕೆಂಪು ಟೇಪ್ ಅಂಟಿಸಿದ್ದೇನೆ. ಆಷಾಢದಲ್ಲಿ ಮೂರು ದಿನ ಬಿಸಿಲೇ ಕಾಣದಿದ್ದಾಗ, ಬೆಳಗಿನ ಜಾವ ಒಂದು ಗಂಟೆ ಹಾಕುತ್ತೇವೆ.

ಹದಿನೈದು ದಿನಕ್ಕೊಮ್ಮೆ ಗಾಜು ಒರೆಸುವುದು ಯಜಮಾನರ ಕೆಲಸ. ಅತ್ತೆಗೆ ಈಗಲೂ ಇದು ಪೂರ್ತಿ ಒಪ್ಪಿಗೆಯಿಲ್ಲ. ಏಪ್ರಿಲ್‌ನಲ್ಲಿ ನಲ್ಲಿ ತಿರುಗಿಸಿ ಕೈ ಸುಟ್ಟುಕೊಂಡ ಮೇಲೆ ಮಾತ್ರ, "ಹಂಡೆ ನೀರಿಗಿಂತ ಬಿಸಿ ಕಣವ್ವಾ" ಅಂದರು. ಈಗ ಅವರು ಬಕೆಟ್‌ಗೆ ಮೊದಲು ತಣ್ಣೀರು ಬಿಟ್ಟುಕೊಳ್ಳುತ್ತಾರೆ.