"ಅವನಾ? ಬಿಡಿ" ಎನ್ನಿಸಿಕೊಂಡವನ ಮನೆಗೆ ಹೋಗುವ ಬಗೆ

ಹೆಚ್ಚುಕಡಿಮೆ ಎಲ್ಲ ಚರ್ಚ್ ಸಭೆಗಳಲ್ಲೂ ದೂರ ಸರಿದವನ ಅಂಥ ಒಂದು ಹೆಸರು ಇರುತ್ತದೆ. ಕುಡಿತ, ಸಾಲ, ಪಾಸ್ಟರ್ ಜೊತೆ ಒಂದು ಹಳೇ ಜಗಳ. ಹೆಸರೆತ್ತಿದರೆ "ಅವನಾ? ಬಿಡಿ" ಅನ್ನುತ್ತಾರೆ. ಬಿಡದೆ ಇರಬೇಕು ಅಂದುಕೊಂಡವರು ಮೊದಲು ಜನ ಹೊಂದಿಸಿಕೊಳ್ಳಿ.

ಬೈಬಲಿನ ಮಾರ್ಕ 2ನೇ ಅಧ್ಯಾಯದಲ್ಲಿ ಪಾರ್ಶ್ವವಾಯು ರೋಗಿಯನ್ನು ಯೇಸುವಿನ ಬಳಿಗೆ ಹೊತ್ತು ತಂದವರು ನಾಲ್ವರು. ಒಬ್ಬರೇ ಹೊತ್ತರೆ ಆರು ತಿಂಗಳಿಗೆ ಸೊಂಟ ಬೀಳುತ್ತದೆ, ಆಮೇಲೆ "ಇಷ್ಟು ಮಾಡಿದರೂ ಬುದ್ಧಿ ಬರಲಿಲ್ಲ" ಎಂಬ ಸಿಟ್ಟು ಬರುತ್ತದೆ. ನಾಲ್ವರಿದ್ದರೆ ತಿಂಗಳಿಗೆ ಒಬ್ಬರಿಗೆ ಒಂದೇ ವಾರದ ಸರದಿ. ಅವರಲ್ಲಿ ಒಬ್ಬರಾದರೂ ಅವನ ಜೊತೆ ಕೆಲಸ ಮಾಡಿದವರೋ ಕ್ರಿಕೆಟ್ ಆಡಿದವರೋ ಆಗಿರಲಿ. ಹೆಂಡತಿಯನ್ನೂ ತಾಯಿಯನ್ನೂ ಈ ಲೆಕ್ಕಕ್ಕೆ ಸೇರಿಸಬೇಡಿ, ಅವರು ಆಗಲೇ ಹೊರುತ್ತಿದ್ದಾರೆ.

ಪ್ರಾರ್ಥನೆ ನಾಲ್ವರ ನಡುವೆಯೇ ಇರಲಿ. ಮನೆಕೂಟದಲ್ಲಿ ಹೆಸರು ಹೇಳಿ ಪ್ರಾರ್ಥಿಸಿದರೆ "ಆಮೆನ್" ಮುಗಿಯುವಷ್ಟರಲ್ಲಿ ಸುದ್ದಿ ಬೀದಿಗೆ ಬಿದ್ದಿರುತ್ತದೆ. ಅದು ಅವನ ಕಿವಿಗೆ ಹೋದ ದಿನವೇ ಬಾಗಿಲು ಮುಚ್ಚುತ್ತದೆ. "ಅವನನ್ನು ಬದಲಾಯಿಸು ಕರ್ತನೇ" ಎಂದಷ್ಟೇ ಬೇಡುವುದಕ್ಕಿಂತ ಈ ವಾರದ ಒಂದು ಸಂಗತಿ ಹಿಡಿದು ಬೇಡಿ: ಮಗಳ ಫೀಸು, ಅವನ ನಿದ್ದೆ, ಶನಿವಾರದ ಬಟವಾಡೆ ಮನೆ ಮುಟ್ಟುವುದು.

ಭೇಟಿ 20 ನಿಮಿಷ ಸಾಕು. ಭಾನುವಾರ ಬೇಡ, ಚರ್ಚ್ ತಪ್ಪಿಸಿದ್ದಕ್ಕೆ ವಿಚಾರಣೆಗೆ ಬಂದಿದ್ದಾರೆ ಅನಿಸುತ್ತದೆ. ಬೆಳಿಗ್ಗೆ ಅಮಲಿಲ್ಲದ ಹೊತ್ತು ನೋಡಿ, ಅರ್ಧ ಕಿಲೋ ಮೂಸಂಬಿ ಹಿಡಿದು ಹೋಗಿ. ಕೈಯಲ್ಲಿ ಬೈಬಲ್ ಕಂಡರೆ ಅವನು ಹಿತ್ತಲಿಂದ ಹೊರಟುಬಿಡಬಹುದು. "ಹೀಗೇ ಬಂದೆ" ಅನ್ನಿ, ಒಳಗೆ ಕರೆಯದಿದ್ದರೆ ಜಗಲಿಯಲ್ಲೇ ಕೂತುಕೊಳ್ಳಿ. ಬೈಕ್ ರಿಪೇರಿ, ಬೋರ್‌ವೆಲ್, ಏನಾದರೂ ಅವನಿಗೆ ಗೊತ್ತಿರುವ ವಿಷಯ ಕೇಳಿ. ನಿಮಗಿಂತ ಅವನಿಗೆ ಹೆಚ್ಚು ಗೊತ್ತಿರುವ ವಿಷಯವಾದರೆ ಇನ್ನೂ ಒಳ್ಳೆಯದು. ಮೊದಲ ಮೂರು ತಿಂಗಳು ಚರ್ಚಿನ ಮಾತು ಅವನೇ ಎತ್ತಲಿ. ಬೆಳಿಗ್ಗೆ ಆರಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ವಾಕ್ಯ ಕಳಿಸುವ ಚಟವಿದ್ದರೆ ಅವನ ಮಟ್ಟಿಗೆ ಅದನ್ನೂ ನಿಲ್ಲಿಸಿ.

ವಾದಕ್ಕೆ ಪಂಡಿತರನ್ನು ಕರೆತರುವುದು ಹಳೇ ತಪ್ಪು. ಮುಂದೆ ದೊಡ್ಡ ಕ್ರೈಸ್ತ ಸಂತನಾದ ಅಗಸ್ಟಿನ್‌ನ ತಾಯಿ ಮೋನಿಕಾ ಒಬ್ಬ ಬಿಷಪ್ಪರ ಬಳಿ ಹೋಗಿ, ಮಗನ ಜೊತೆ ವಾದಿಸಿ ಸರಿದಾರಿಗೆ ತನ್ನಿ ಎಂದು ಕಾಡಿದಳು. ಅವನಿನ್ನೂ ಕೇಳುವ ಸ್ಥಿತಿಯಲ್ಲಿಲ್ಲ, ಸದ್ಯ ಬಿಡು, ಪ್ರಾರ್ಥನೆ ಮಾಡುತ್ತಿರು ಎಂದು ಅವರು ಒಪ್ಪಲೇ ಇಲ್ಲ. ಮಗ ಉತ್ತರ ಆಫ್ರಿಕಾದ ಕಾರ್ಥೇಜಿನಲ್ಲಿ ತಾಯಿಗೆ ಸುಳ್ಳು ಹೇಳಿ ರಾತ್ರೋರಾತ್ರಿ ರೋಮಿನ ಹಡಗು ಹತ್ತಿದ. ಅವನಿಗೆ ದೀಕ್ಷಾಸ್ನಾನವಾದದ್ದು ಕ್ರಿ.ಶ. 387ರ ಈಸ್ಟರ್‌ನಲ್ಲಿ, ಮಿಲಾನಿನಲ್ಲಿ, ಅಲ್ಲಿನ ಬಿಷಪ್ ಆಂಬ್ರೋಸರ ಕೈಯಿಂದ. ತಾಯಿ ಎಷ್ಟೋ ವರ್ಷ ಅತ್ತ ಮೇಲೆ.

ದುಡ್ಡಿನ ವಿಷಯ ಚುಟುಕಾಗಿ: ನಗದು ಕೊಡಬೇಡಿ. ಫೀಸಾದರೆ ಶಾಲೆಗೆ, ರೇಷನ್ನಾದರೆ ಅಂಗಡಿಗೆ ನೇರವಾಗಿ ಕಟ್ಟಿ. "ಚರ್ಚಿಗೆ ಬಂದರೆ ಕೊಡುತ್ತೇವೆ" ಅಂದರೆ ಅದು ಲಂಚ.

ಭಕ್ತಿಯ ಹೆಸರಿನಲ್ಲಿ ಪ್ರಾಣಕ್ಕೇ ಕುತ್ತು ಬರುವುದು ಇಲ್ಲಿ. ವರ್ಷಗಟ್ಟಲೆ ದಿನಾ ವಿಪರೀತ ಕುಡಿದವನನ್ನು ಉಪವಾಸ ಪ್ರಾರ್ಥನೆಗೆ ಕೂರಿಸಿ ಒಮ್ಮೆಲೇ ಕುಡಿತ ಬಿಡಿಸಬಾರದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಮೈಯೆಲ್ಲ ನಡುಗಿ, ಬುದ್ಧಿಭ್ರಮಣೆಯಾಗಿ, ಇಲ್ಲದ್ದು ಕಾಣತೊಡಗಬಹುದು. ಅದನ್ನು ದೆವ್ವ ಎಂದು ಬಿಡಿಸಲು ಕೂತರೆ ಮನುಷ್ಯನೇ ಹೋಗುತ್ತಾನೆ. ಮೊದಲು ವೈದ್ಯರು, ಅವರು ಹೇಳಿದಂತೆ ಬಿಡಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಹೊಡೆತ ನಡೆಯುತ್ತಿದ್ದರೆ "ಸಹಿಸಿಕೋ, ಪ್ರಾರ್ಥಿಸು" ಎಂದು ಹೆಂಡತಿಗೆ ಹೇಳುವ ಹಕ್ಕು ಯಾರಿಗೂ ಇಲ್ಲ. ಅವಳನ್ನೂ ಮಕ್ಕಳನ್ನೂ ಮೊದಲು ಸುರಕ್ಷಿತ ಜಾಗಕ್ಕೆ ಸೇರಿಸಿ. ತುರ್ತಿದ್ದರೆ 112.

ಬಿಟ್ಟವನು ಮತ್ತೆ ಕುಡಿಯುವುದು ಮಾಮೂಲಿ. ಆ ವಾರ ಸರದಿ ತಪ್ಪಿಸಬೇಡಿ, ಉಪದೇಶವನ್ನೂ ಮಾಡಬೇಡಿ, ಮೂಸಂಬಿ ಹಿಡಿದು ಹೋಗಿ. "ಇನ್ನು ಬರಬೇಡಿ" ಎಂದು ಅವನು ಬಾಯಿಬಿಟ್ಟು ಹೇಳಿದರೆ ಮಾತ್ರ ನಿಲ್ಲಿಸಿ. ಆಮೇಲೂ ಕ್ರಿಸ್‌ಮಸ್‌ಗೆ ಒಂದು ತಟ್ಟೆ ತಿಂಡಿ ಹೋಗಲಿ, ಕರಾವಳಿಯವರಾದರೆ ಅಲ್ಲಿನ ಕ್ರಿಸ್‌ಮಸ್ ತಿಂಡಿಗಳಾದ ಕುಸ್ವಾರ್. ಪ್ಲಾಸ್ಟಿಕ್ ಡಬ್ಬಿ ಬೇಡ, ನಿಮ್ಮ ಹೆಸರು ಕೊರೆಸಿದ ಸ್ಟೀಲ್ ತಟ್ಟೆಯಲ್ಲೇ ಕಳಿಸಿ, ವಾಪಸ್ ಕೇಳಬೇಡಿ. ಯಾವತ್ತಾದರೂ ನಿಮ್ಮ ಮನೆ ಕಡೆ ಬರಬೇಕು ಅನಿಸಿದರೆ ಅವನಿಗೊಂದು ನೆಪ ಬೇಕಾಗುತ್ತದೆ.