ಸಕ್ಕರೆ ಕಾಯಿಲೆಯ ಕಾಲುಹುಣ್ಣಿಗೆ ಹೈಪರ್‌ಬೇರಿಕ್ ಆಕ್ಸಿಜನ್: ನಮ್ಮ ಚೇಂಬರಿನ ಅನುಭವ

ಮೂಳೆ ಮುಟ್ಟಿದ ಹುಣ್ಣು ಚೇಂಬರಿನಲ್ಲಿ, ಅಂದರೆ ಹೆಚ್ಚಿನ ಒತ್ತಡದಲ್ಲಿ ಶುದ್ಧ ಆಕ್ಸಿಜನ್ ತುಂಬಿದ ಮುಚ್ಚಿದ ಕೋಣೆಯಲ್ಲಿ, ಮಾಯುತ್ತದೆ ಎಂದರೆ ಸರ್ಜನ್ನರು ಮೊದಲು ನಂಬಲಿಲ್ಲ. ನಂಬುವಂಥ ಫಲಿತಾಂಶವೂ ನಮ್ಮಲ್ಲಿರಲಿಲ್ಲ: ಬಂದವರನ್ನೆಲ್ಲ ಒಳಗೆ ಮಲಗಿಸಿದೆವು, ಹೆಚ್ಚುಕಡಿಮೆ ಅರ್ಧ ಹುಣ್ಣುಗಳು ಇದ್ದ ಹಾಗೇ ಉಳಿದವು. ದಾರಿ ಸಿಕ್ಕಿದ್ದು ಚರ್ಮದ ಆಕ್ಸಿಜನ್ ಅಳೆಯುವ ಪ್ರೋಬ್ ಬಂದ ಮೇಲೆ. ಹುಣ್ಣಿನ ಹತ್ತಿರ, ಬಾವು ಇಲ್ಲದ ಕಡೆ ಅಂಟಿಸಿ ನೋಡುತ್ತೇವೆ. ಪ್ರೋಬಿನ ಅಂಕಿ (ಎಂಎಂ ಪಾದರಸದಲ್ಲಿ) ಚೇಂಬರಿನ ಹೊರಗೆ 40ಕ್ಕಿಂತ ಕಡಿಮೆ, ಒಳಗೆ 200ಕ್ಕಿಂತ ಹೆಚ್ಚು ಬಂದರೆ ಧೈರ್ಯವಾಗಿ ಶುರು. ಒಳಗೂ 100 ದಾಟದಿದ್ದರೆ ಮೊದಲು ರಕ್ತನಾಳದ ಡಾಕ್ಟರ ಬಳಿ ಕಳಿಸುತ್ತೇವೆ. ಈಗ ಅದೇ ಸರ್ಜನ್ನರು ಬೆರಳು ತೆಗೆಯುವ ಮುಂಚೆ ನಮಗೆ ಫೋನ್ ಮಾಡುತ್ತಾರೆ.

ಒತ್ತಡ ಮಾಮೂಲಿ ಗಾಳಿಯ ಒತ್ತಡದ 2.4 ಪಟ್ಟು, ಅರ್ಧ ಗಂಟೆಯಂತೆ ಮೂರು ಸಲ ಆಕ್ಸಿಜನ್, ನಡುವೆ ಐದೈದು ನಿಮಿಷ ಮಾಸ್ಕಿನಲ್ಲಿ ಮಾಮೂಲಿ ಗಾಳಿ. ವಾರಕ್ಕೆ ಐದು ದಿನ, ಒಟ್ಟು 30ರಿಂದ 40 ಸಿಟ್ಟಿಂಗ್. ಗಾಳಿಯ ಬಿಡುವು ತಪ್ಪಿಸಬೇಡಿ, ಅದು ಆಕ್ಸಿಜನ್ ಅತಿಯಾಗಿ ಬರುವ ಫಿಟ್ಸ್ ತಡೆಯುವುದಕ್ಕೆ. ತುಟಿ ಅದುರಿದರೆ, ಕಿವಿ ಗುಂಯ್‌ಗುಟ್ಟಿದರೆ ಕೂಡಲೇ ಗಾಳಿಗೆ ಬದಲಿಸಿ. ಫಿಟ್ಸ್ ಬಂದೇಬಿಟ್ಟರೆ ಮೈ ಸೆಟೆದಿರುವಾಗ ಒತ್ತಡ ಇಳಿಸಲೇಬಾರದು. ಉಸಿರು ಕಟ್ಟಿರುತ್ತದೆ, ಶ್ವಾಸಕೋಶ ಒಡೆಯುತ್ತದೆ. ಎದೆಯ ಎಕ್ಸ್‌ರೇ ನೋಡದೆ ಯಾರನ್ನೂ ಒಳಗೆ ಬಿಡದಿರುವುದೂ ಶ್ವಾಸಕೋಶದ ಭಯಕ್ಕೇ.

ಹೆಚ್ಚು ಜನ ಅರ್ಧಕ್ಕೆ ಬಿಟ್ಟಿದ್ದು ಕಿವಿನೋವಿಗೆ. ಒತ್ತಡವನ್ನು ನಿಮಿಷಕ್ಕೆ 2 ಪಿಎಸ್‌ಐ (ಟೈರಿನ ಗಾಳಿ ಅಳೆಯುವ ಅದೇ ಅಳತೆ) ಏರಿಸುತ್ತಿದ್ದೆವು. ಮೊದಲ ಐದಾರು ಪಿಎಸ್‌ಐ ಮಾತ್ರ ಅರ್ಧ ವೇಗಕ್ಕೆ ಇಳಿಸಿದೆವು, ದೂರು ಬಹುಪಾಲು ನಿಂತಿತು. ಗುಟುಕು ಗುಟುಕಾಗಿ ನೀರು ಕುಡಿಸಿ. ನೋವು ಎಂದರೆ ಅಲ್ಲೇ ನಿಲ್ಲಿಸಿ, ಒಂದು ಪಿಎಸ್‌ಐ ಇಳಿಸಿ, ಮತ್ತೆ ಏರಿಸಿ. ನೆಗಡಿ ಇದ್ದವರಿಗೆ ಆ ದಿನ ರಜೆ.

ದುಡ್ಡು ಕರಗುವುದು ಆಕ್ಸಿಜನ್‌ನಲ್ಲಿ. ನಿಮಿಷಕ್ಕೆ 240 ಲೀಟರ್ ಹರಿದರೆ 7,000 ಲೀಟರಿನ ಜಂಬೋ ಸಿಲಿಂಡರ್ ಅರ್ಧ ಗಂಟೆಗೆ ಖಾಲಿ. ಒಂದು ಸಿಟ್ಟಿಂಗ್‌ಗೆ ನಾಲ್ಕು ಸಿಲಿಂಡರ್, ಸುಮಾರು 1,400 ರೂಪಾಯಿ. ರೋಗಿಯಿಂದ ತೆಗೆದುಕೊಳ್ಳುತ್ತಿದ್ದದ್ದು 2,500. ಹರಿವನ್ನು ಹಂತಹಂತವಾಗಿ ತಗ್ಗಿಸಿ ಈಗ ಮೂರು ಸಿಲಿಂಡರಿಗೆ ತಂದಿದ್ದೇವೆ. ಯಾವ ನಿಮಿಷಕ್ಕೆ ಎಷ್ಟು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಚೇಂಬರಿನಿಂದ ಚೇಂಬರಿಗೆ ಬೇರೆ, ಅಂದಾಜಿನಲ್ಲಿ ಇಳಿಸಿದರೆ ಒಳಗೆ ಇಂಗಾಲದ ಡೈಆಕ್ಸೈಡ್ ಕೂಡುತ್ತದೆ. ಖರ್ಚು ಉಳಿಸಲು ಚೇಂಬರಿಗೆ ಮಾಮೂಲಿ ಗಾಳಿ ತುಂಬಿ ಮಾಸ್ಕಿನಲ್ಲಿ ಮಾತ್ರ ಆಕ್ಸಿಜನ್ ಕೊಟ್ಟೂ ನೋಡಿದೆವು. ಗಡ್ಡದವರಲ್ಲಿ ಮಾಸ್ಕ್ ಸೋರಿ ಪ್ರೋಬಿನ ಅಂಕಿ ಅರ್ಧಕ್ಕೆ ಬಿತ್ತು, ಕೈಬಿಟ್ಟೆವು.

ಒಳಗೆ ಶುಗರ್ ಇಳಿಯುತ್ತದೆ, ಒಮ್ಮೊಮ್ಮೆ 50ರಷ್ಟು. 120ರ ಕೆಳಗಿದ್ದರೆ ತಿಂಡಿ ತಿನ್ನಿಸಿ ಮತ್ತೆ ಚುಚ್ಚಿ ನೋಡಿಯೇ ಬಾಗಿಲು ಹಾಕುವುದು. ಬಟ್ಟೆ ಅಪ್ಪಟ ಹತ್ತಿಯದೇ, ನಾವೇ ಕೊಡುತ್ತೇವೆ. ತಲೆಗೆ ಕೊಬ್ಬರಿ ಎಣ್ಣೆ, ಮಂಡಿಗೆ ನೋವಿನ ಬಾಮ್ ಹಚ್ಚಿ ಬಂದರೆ ಸೋಪು ಹಾಕಿ ತೊಳೆಸುತ್ತೇವೆ. ಬೈಸಿಕೊಂಡರೂ ಪರವಾಗಿಲ್ಲ, ಶುದ್ಧ ಆಕ್ಸಿಜನ್‌ನಲ್ಲಿ ಒಂದು ಕಿಡಿ ಸಾಕು.

ಡ್ರೆಸ್ಸಿಂಗ್, ಸತ್ತ ಮಾಂಸ ತೆಗೆಯುವುದು, ಕಾಲಿನ ಮೇಲೆ ಭಾರ ಬೀಳದ ಚಪ್ಪಲಿ ಜೊತೆಗಿರಲೇಬೇಕು. 20 ಸಿಟ್ಟಿಂಗ್ ಆದರೂ ಕೆಂಪು ಮಾಂಸ ಮೂಡದಿದ್ದರೆ ನಾವೇ ನಿಲ್ಲಿಸಿ ಉಳಿದ ದುಡ್ಡು ವಾಪಸ್ ಕೊಡುತ್ತೇವೆ. ಕೊನೆಯ ಹೊತ್ತಿಗೆ ಕೆಲವರಿಗೆ ದೂರದ ಬೋರ್ಡು ಮಸುಕಾಗುತ್ತದೆ. ಸಾಮಾನ್ಯವಾಗಿ ಎರಡು ಮೂರು ತಿಂಗಳಲ್ಲಿ ಸರಿಹೋಗುತ್ತದೆ, ಅಲ್ಲಿಯವರೆಗೆ ಹೊಸ ಕನ್ನಡಕ ಮಾಡಿಸಬೇಡಿ.